ಎಡ ಅಂಚಿನ ಒಂಬತ್ತು ಇಂಚು

ನಾಗಪುರದ ಹೊರಗಿನ ಹಿಂಗಣಾದ ಆ ಉಕ್ಕಿನ ತಗಡಿನ ಕಾರ್ಖಾನೆಯಲ್ಲಿ ಗುರುಸಿದ್ದಪ್ಪನ ಕಣ್ಣಿಗಿದ್ದ ಮರ್ಯಾದೆ ಮ್ಯಾನೇಜರರ ಸಹಿಗೂ ಇರಲಿಲ್ಲ. ಗದಗಿನ ಕಡೆಯಿಂದ ನಾಗಪುರಕ್ಕೆ ಬಂದು ಇಪ್ಪತ್ತಾರು ವರ್ಷ. ರೋಲರುಗಳ ನಡುವಿನಿಂದ ಸರಸರನೆ ಬರುವ ತಗಡನ್ನು ನೋಡುತ್ತ ಕೂಡುವುದೇ ಅವನ ಕೆಲಸ. ಗೀರು ಕಂಡರೆ ಸೀಮೆಸುಣ್ಣದ ಗುರುತು, ಆ ಹಾಳೆ ಹೊರಗೆ. ಅವನು ಪಾಸು ಮಾಡಿದ ಒಂದು ಹಾಳೆಯೂ ಗಿರಾಕಿಯಿಂದ ವಾಪಸು ಬಂದಿರಲಿಲ್ಲ. ಈ ಸಂಗತಿಯನ್ನು ಅವನು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ.

ಎರಡು ಸಾವಿರದ ಐದರ ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಅವನು ಲೈನಿನ ಪಕ್ಕದಲ್ಲೇ ತಲೆ ತಿರುಗಿ ಕುಸಿದ. ನಾಗಪುರದ ಮೇ ತಿಂಗಳೆಂದರೆ ಗೊತ್ತಲ್ಲ. ಲೂ ಬಡಿದಿದೆ, ಬಿಸಿಗಾಳಿಯ ಹೊಡೆತ ಎಂದು ಎಲ್ಲರೂ ಒಂದೇ ಬಾಯಲ್ಲಿ ತೀರ್ಮಾನಿಸಿದರು. ಹಸಿ ಮಾವಿನಕಾಯಿಯ ಪಾನಕ ಕುಡಿಸಿ, ಅಂಗಾಲಿಗೆ ಈರುಳ್ಳಿ ಉಜ್ಜಿ, ಜೇಬಿನಲ್ಲೊಂದು ಈರುಳ್ಳಿ ಹಾಕಿ ಮನೆಗೆ ಕಳಿಸಿದರು. ಎರಡು ದಿನ ತಲೆನೋವು, ಮೂರನೆಯ ದಿನ ಹಾಜರು. ಇಷ್ಟಕ್ಕೆಲ್ಲ ಡಾಕ್ಟರ ಹತ್ತಿರ ಹೋಗುವ ಜಾಯಮಾನ ಅವನದಲ್ಲ.

ಅದೇ ವಾರ ಕ್ಯಾಮೆರಾಗಳು ಬಂದವು. ಲೈನಿನ ಮೇಲೆ ಸಾಲಾಗಿ ನಾಲ್ಕು ಕಣ್ಣು, ಪಕ್ಕದ ತಂಪು ಕೋಣೆಯಲ್ಲಿ ಒಂದು ಕಂಪ್ಯೂಟರು. ಅದನ್ನು ತಂದು ಕೂರಿಸಿದವನು ಅಭಿಜಿತ್, ಇಪ್ಪತ್ತಾರರ ಎಂಜಿನಿಯರು, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗ. ಅವನ ಅಪ್ಪ ರೈಲ್ವೆಯವರು, ಗುರುಸಿದ್ದಪ್ಪನಿಗೆ ಹಳೆಯ ಪರಿಚಯ.

"ಕಾಕಾ, ಮಶೀನಿಗೆ ಹುಟ್ಟಾ ಏನೂ ಗೊತ್ತಿರಲ್ಲ. ನೀವ ಕಲಿಸಬೇಕ್ರಿ. ಫೋಟೋ ಬರ್ತಾವ. ಹಾಳೆ ಬರೋಬರ್ ಇತ್ತಂದ್ರ ಒಂದು ಒತ್ರಿ, ಖರಾಬ್ ಇತ್ತಂದ್ರ ಎರಡು."

ಲೈನನ್ನು ಬೇರೆಯವರಿಗೆ ಬಿಟ್ಟು ಮೂರು ತಿಂಗಳು ಅವನು ತಂಪು ಕೋಣೆಯಲ್ಲಿ ಕುರ್ಚಿಯ ಮೇಲೆ ಕೂತು ಒಂದು, ಎರಡು ಒತ್ತಿದ. ಎರಡು ಒತ್ತಿದಾಗಲೆಲ್ಲ ಕಂಪ್ಯೂಟರು ಕುಂಯ್ ಎನ್ನುತ್ತಿತ್ತು. ಸಾವಿರಾರು ಹಾಳೆ. ಸೆಪ್ಟೆಂಬರಿನಲ್ಲಿ ಕ್ಯಾಮೆರಾ ತಾನೇ ನೋಡತೊಡಗಿತು, ನೋಡಿದ ರೀತಿಗೆ ಜನ ಬೆರಗಾದರು. ಗುರುಸಿದ್ದಪ್ಪ ಹಿಡಿಯುವ ಕೂದಲೆಳೆಯ ಗೀರನ್ನು ಅದೂ ಹಿಡಿಯುತ್ತಿತ್ತು. ಅವನು ಉದಾರವಾಗಿ ಬಿಟ್ಟುಬಿಡುವ ತೆಳು ಎಣ್ಣೆ ಕಲೆಯನ್ನು ಅದೂ ಬಿಟ್ಟುಬಿಡುತ್ತಿತ್ತು. "ನಿಮ್ಮ ಮಗನೇ ಬಿಡಿ" ಎಂದು ಕ್ಯಾಂಟೀನಿನಲ್ಲಿ ಚೇಷ್ಟೆ ಮಾಡಿದರೆ ಅವನಿಗೆ ಒಳಗೊಳಗೇ ಖುಷಿ.

ಅಕ್ಟೋಬರಿನಲ್ಲಿ ಹಾಳೆಗಳು ವಾಪಸು ಬಂದವು. ಗ್ಯಾಸ್ ಒಲೆ ಮಾಡುವ ಗಿರಾಕಿ ಒಂದು ಲಾರಿ ತುಂಬ ಹಿಂದಕ್ಕೆ ಕಳಿಸಿದ್ದ. ಅಗಲ ಮೂವತ್ತಾರು ಇಂಚಿನ ಹಾಳೆ. ಗೀರುಗಳಿದ್ದದ್ದು ಎಡ ಅಂಚಿನ ಒಂಬತ್ತು ಇಂಚಿನಲ್ಲಿ ಮಾತ್ರ. ಕುರುಡನಿಗೂ ಕೈಗೆ ಸಿಗುವಂಥ ಗೀರುಗಳು.

ಅಭಿಜಿತ್ ಲೆನ್ಸು ಒರೆಸಿದ, ದೀಪ ಬದಲಿಸಿದ, ತಂತಿ ಬದಲಿಸಿದ. ಬೇಕೆಂದೇ ಮೊಳೆಯಿಂದ ಗೀರಿದ ಒಂದು ಹಾಳೆಯನ್ನು ಹಾಯಿಸಿದ. ಗೀರು ಎಡಕ್ಕಿದ್ದಾಗ ಕ್ಯಾಮೆರಾ ಸುಮ್ಮನಿತ್ತು. ಅದೇ ಹಾಳೆಯನ್ನು ತಿರುಗಿಸಿ ಹಾಕಿದ. ಗೀರು ಬಲಕ್ಕೆ ಬಂದ ತಕ್ಷಣ ಗಂಟೆ ಹೊಡೆದುಕೊಂಡಿತು. ಎಡಗಡೆಯ ಕ್ಯಾಮೆರಾ ಬಿಚ್ಚಿ ಬಲಕ್ಕೆ, ಬಲದ್ದನ್ನು ಎಡಕ್ಕೆ ಕೂರಿಸಿದ. ಕ್ಯಾಮೆರಾ ಬದಲಾಯಿತು, ಮೌನ ಮಾತ್ರ ಎಡದಲ್ಲೇ ಉಳಿಯಿತು. ಫೋಟೋದಲ್ಲಿ ಗೀರು ಢಾಳಾಗಿ ಬಿದ್ದಿರುತ್ತಿತ್ತು. ಅದನ್ನು ನೋಡಿಯೂ ಯಂತ್ರ ಚೊಕ್ಕ ಎನ್ನುತ್ತಿತ್ತು.

ಜನ ಎಡಗಡೆ ನಿಲ್ಲುವುದನ್ನು ಬಿಟ್ಟರು. ಅಲ್ಲಿ ಏನೋ ಬಂದು ನಿಂತಿದೆ, ಅದು ಕ್ಯಾಮೆರಾದ ಕಣ್ಣು ಮುಚ್ಚುತ್ತದೆ ಎಂದರು. ತಗಡಿನ ಅಂಚಿನ ಎಣ್ಣೆ ಒರೆಸುವ ಗಂಗೂಬಾಯಿಯೊಬ್ಬಳೇ ಹದಿನೈದು ವರ್ಷದಿಂದ ನಿಂತ ಎಡಗಡೆಯ ಜಾಗ ಬಿಟ್ಟು ಕದಲಲಿಲ್ಲ.

ಶನಿವಾರ ಮ್ಯಾನೇಜರು ಅಭಿಜಿತನನ್ನು ಕರೆದರು. ಸೋಮವಾರದೊಳಗೆ ಕಾರಣ ಹೇಳದಿದ್ದರೆ ಕ್ಯಾಮೆರಾ ಪೆಟ್ಟಿಗೆಗೆ, ಅವನು ಮನೆಗೆ. ಹುಡುಗ ಕೋಣೆಗೆ ಬಂದು ಮೇಜಿಗೆ ತಲೆಯಿಟ್ಟ. ಗುರುಸಿದ್ದಪ್ಪನಿಗೆ ಪಾಪ ಎನಿಸಿತು. ಯಂತ್ರ ಹೋದರೆ ತನ್ನ ಹಳೆಯ ಪೀಠ ತನಗೇ ಎಂದೂ ಎನಿಸಿತು, ಅದಕ್ಕೆ ನಾಚಿಕೆಯೂ ಆಯಿತು.

ಭಾನುವಾರ ಊಟಕ್ಕೆ ಕೂತ. ಹೆಂಡತಿ ವನಜಾಕ್ಷಿ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು.

"ಶೇಂಗಾ ಚಟ್ನಿ ಹಾಕೂದು ಬಿಟ್ಟೇ ಬಿಟ್ಟಿಯೇನ? ನಾಕೈದು ತಿಂಗಳಾತು, ಉಪ್ಪಿನಕಾಯಿನೂ ಇಲ್ಲ, ಉಪ್ಪೂ ಇಲ್ಲ."

ವನಜಾಕ್ಷಿಗೆ ರೇಗಿತು. "ದಿನಾ ಹಾಕ್ತೀನ್ರಿ! ಎಡಕ್ಕ ಹಾಕಿದ್ದನ್ನ ಮುಟ್ಟದ ಹಂಗ ಬಿಟ್ಟು ಏಳ್ತೀರಿ. ನಂದೇನರ ತಪ್ಪಾಗೇತೇನೋ, ಸಿಟ್ಟಿಗೆ ಬಿಡ್ತಾರೇನೋ ಅಂತ ನಾ ಬಾಯಿ ಮುಚ್ಚಿಕೊಂಡಿದ್ದೆ."

ಹೇಳಿದವಳೇ ಬಗ್ಗಿ ತಾಟನ್ನು ಅರ್ಧ ಸುತ್ತು ತಿರುಗಿಸಿದಳು.

ಚಟ್ನಿ ಬಂತು. ಉಪ್ಪಿನಕಾಯಿ ಬಂತು. ಉಪ್ಪು ಬಂತು. ಮತ್ತು ರೊಟ್ಟಿ ಮಾಯವಾಯಿತು. ಗುರುಸಿದ್ದಪ್ಪ ಕೈ ಚಾಚಿದ. ರೊಟ್ಟಿ ಇಲ್ಲದ ಜಾಗದಲ್ಲಿ ರೊಟ್ಟಿ ಬೆರಳಿಗೆ ತಾಗಿತು. ಮೊನ್ನೆ ಅಭಿಜಿತ್ ಹಾಳೆ ತಿರುಗಿಸಿದ್ದು ನೆನಪಾಯಿತು.

"ಏನ್ರಿ, ಯಾಕ?"

"ಏನಿಲ್ಲ," ಎಂದ. ಆದರೆ ಊಟ ಸೇರಲಿಲ್ಲ.

ಸೋಮವಾರ ಬೆಳಿಗ್ಗೆ ಹಿಂಗಣಾದ ಬಸ್ಸಿನಲ್ಲಿ ಅವನು ಯೋಚಿಸಿದ್ದು ಒಂದೇ. ಇದು ಗೊತ್ತಿರುವುದು ತನ್ನೊಬ್ಬನಿಗೆ. ತಾನು ತುಟಿ ಬಿಚ್ಚದಿದ್ದರೆ ತಪ್ಪು ಯಂತ್ರದ್ದು, ಶಿಕ್ಷೆ ಹುಡುಗನದು. ತನ್ನ ಹೆಸರು ಇದ್ದಲ್ಲೇ ಇರುತ್ತದೆ. ಕಣ್ಣು ಹೋಯಿತೆಂದು ಹೇಳಿಕೊಂಡ ಗುರುಸಿದ್ದಪ್ಪ ಕಾರ್ಖಾನೆಗೆ ಯಾರು? ಅವನಿಗೆ ನಿಜಕ್ಕೂ ಭಯವಾಗಿತ್ತು.

ಲೈನಿನ ಎದುರು ಅಭಿಜಿತ್ ನಿಂತಿದ್ದ. "ಕಾಕಾ, ಈ ನಿಂಬು ಮಿರ್ಚಿ ಯಾರ ಕಟ್ಯಾರ?"

"ಎಲ್ಲೈತಿ?"

"ಅರೆ, ನಿಮ್ಮ ಮುಂದನ ಐತಲ್ರಿ. ಕಂಬಕ್ಕ."

ಗುರುಸಿದ್ದಪ್ಪ ನೋಡಿದ. ಅವನ ಮುಂದೆ ಒಂದೇ ಕಂಬವಿತ್ತು. ಇಪ್ಪತ್ತಾರು ವರ್ಷ ಎರಡು ಕಂಬಗಳ ನಡುವೆ ಕೂತವನಿಗೆ ಒಂದೇ ಕಂಬ ಕಾಣುತ್ತಿತ್ತು, ಅದರಲ್ಲಿ ಏನೂ ಕೊರತೆ ಅನಿಸಿರಲಿಲ್ಲ. ಎಡಕ್ಕೆ ಕತ್ತಲೆಯಿರಲಿಲ್ಲ, ಮಂಜಿರಲಿಲ್ಲ. ಲೋಕ ಅಲ್ಲಿಗೆ ಮುಗಿದಿತ್ತು, ಮುಗಿದದ್ದು ಅವನಿಗೆ ತಿಳಿದಿರಲಿಲ್ಲ, ಅಷ್ಟೇ. ಕುತ್ತಿಗೆಯನ್ನು ಕಷ್ಟಪಟ್ಟು ತಿರುಗಿಸಿದ. ಎರಡನೆಯ ಕಂಬ ಬಂತು, ದೃಷ್ಟಿಗೆಂದು ಕಟ್ಟಿದ ನಿಂಬೆಹಣ್ಣು, ಏಳು ಮೆಣಸಿನಕಾಯಿ ಬಂದವು, ಅವುಗಳ ಕೆಳಗೆ ಕೈಮುಗಿದು ನಿಂತ ಗಂಗೂಬಾಯಿ ಬಂದಳು.

"ಇವತ್ತಾದರೂ ನೋಡಿದಿರಲ್ಲ," ಎಂದಳು ಅವಳು ತನ್ನ ಮರಾಠಿಯಲ್ಲಿ. "ಮೇ ತಿಂಗಳಿಂದ ದಿನಾ ನಮಸ್ಕಾರ ಮಾಡ್ತೀನಿ, ಸಾಹೇಬ್. ತಂಪು ಕೋಣೆ ಸಿಕ್ಕಮೇಲೆ ಒರೆಸುವವಳು ಕಾಣಲ್ಲ ಅಂದುಕೊಂಡೆ."

ಅವನಿಗೆ ಅಳು ಬಂತು. ನೇರ ಮ್ಯಾನೇಜರರ ಕೋಣೆಗೆ ಹೋದ, ಅಭಿಜಿತನನ್ನೂ ಕರೆದುಕೊಂಡು. ತನ್ನ ಹರಕು ಹಿಂದಿಯಲ್ಲಿ ಹೇಳಿದ: ಯಂತ್ರ ಸರಿಯಿದೆ, ತಾನು ಕಲಿಸಿದ್ದನ್ನು ಒಂದಿಷ್ಟೂ ಬಿಡದೆ ಕಲಿತಿದೆ, ಎಡಗಡೆಯ ಕುರುಡನ್ನೂ ಸೇರಿಸಿ. ಆಮೇಲೆ ಹುಡುಗನ ಕಡೆ ತಿರುಗಿದ.

"ತಪ್ಪು ನಿಂದಲ್ಲೋ ತಮ್ಮಾ. ನಂದು."

ನಾಗಪುರದ ಧಂತೋಲಿಯ ಡಾಕ್ಟರು ಮಿದುಳಿನ ಚಿತ್ರ ತೆಗೆದು ನೋಡಿ ಅದನ್ನೇ ಹೇಳಿದರು. ಮೇ ತಿಂಗಳಲ್ಲಿ ಬಡಿದದ್ದು ಬಿಸಿಲಲ್ಲ, ಮಿದುಳಿನ ಆಘಾತ. ಕಣ್ಣು ಗಟ್ಟಿಯಾಗಿಯೇ ಇದೆ, ಎಡಗಡೆಯನ್ನು ಗಮನಿಸುವ ಮಿದುಳಿನ ಭಾಗವೊಂದು ಸತ್ತಿದೆ. ಅದು ತಿರುಗಿ ಬರುವುದು ಕಷ್ಟ. ವನಜಾಕ್ಷಿ ಸೆರಗು ಬಾಯಿಗಿಟ್ಟುಕೊಂಡಳು. ಆವತ್ತಿನಿಂದ ಅವಳು ಅವನ ಬಲಕ್ಕೇ ಕೂತು ಬಡಿಸತೊಡಗಿದಳು.

ಯಂತ್ರಕ್ಕೆ ಮತ್ತೆ ಕಲಿಸಬೇಕಿತ್ತು. ಯಾರಿಂದ ಎಂದು ಮ್ಯಾನೇಜರು ಕೇಳಿದಾಗ ಗುರುಸಿದ್ದಪ್ಪ ಗಂಗೂಬಾಯಿಯ ಹೆಸರು ಹೇಳಿದ. ಹದಿನೈದು ವರ್ಷ ಆ ಅಂಚನ್ನು ಬಟ್ಟೆಯಲ್ಲಿ ತಡವಿದವಳಿಗಿಂತ ಬಲ್ಲವರು ಬೇರೆ ಯಾರಿದ್ದಾರೆ? ಜೂನ್ ತಿಂಗಳ ಮೊದಲ ಫೋಟೋದಿಂದ ಇಬ್ಬರೂ ನೋಡುವುದು. ಬಲ ಅರ್ಧ ಅವನದು, ಎಡ ಅರ್ಧ ಅವಳದು. ಅಭಿಜಿತ್ ಇಬ್ಬರಿಗೂ ಬೇರೆ ಬೇರೆ ಗುಂಡಿ ಇಟ್ಟುಕೊಟ್ಟ. ಅವಳು ಸೆರಗಿಗೆ ಕೈಯೊರೆಸಿಕೊಂಡು ಅವನ ಎಡಕ್ಕೆ ಕುರ್ಚಿ ಎಳೆದುಕೊಂಡಳು. ಕೂತವಳೇ ಅವನ ಪಾಲಿಗೆ ಇಲ್ಲವಾದಳು.

ಮೊದಲ ಹಾಳೆ ಬಂತು. ಕನ್ನಡಿಯಷ್ಟು ಚೊಕ್ಕವಾಗಿತ್ತು. ಗುರುಸಿದ್ದಪ್ಪ ಒಂದು ಒತ್ತಿದ.

ಯಾರೂ ಇಲ್ಲದ ಕಡೆಯಿಂದ ಕುಂಯ್ ಎಂದಿತು.

ಎರಡನೆಯ ಹಾಳೆ, ಅದೂ ಚೊಕ್ಕ. ಒಂದು ಒತ್ತಿದ. ಕುಂಯ್. ಮೂರನೆಯದು. ಕುಂಯ್. ಇಪ್ಪತ್ತಾರು ವರ್ಷದ ಹೆಸರು ಒಂದೊಂದೇ ಸದ್ದಿಗೆ ಉದುರುತ್ತಿತ್ತು, ಅವನು ನೆಟ್ಟ ಕಣ್ಣಿನಿಂದ ಎದುರಿನ ಚೊಕ್ಕ ಹಾಳೆಯನ್ನೇ ನೋಡುತ್ತಿದ್ದ. ಎಷ್ಟು ಹೊತ್ತೋ. ಕೊನೆಗೆ ತಡೆಯಲಾಗದೆ ಕೇಳಿದ.

"ಬಾಯಿ, ಇದ್ದೀಯೇನು ಅಲ್ಲಿ?"

"ಇದ್ದೀನಿ, ಸಾಹೇಬ್," ಎಂದಿತು ಬರಿದಾದ ಎಡಗಡೆ. "ನಾನು ಯಾವಾಗಲೂ ಇಲ್ಲೇ ಇದ್ದೆ."