ಜುಮಾದಿಯ ಎದೆ

ಮೈಕಿಗೆ ಹಾಕಿದ ಕೆಂಪು ಸ್ಪಂಜು ಹರಿನಾಥರ ಮೀಸೆಗೆ ತಾಗಿದಾಗೆಲ್ಲ ಪರಪರ ಎನ್ನುತ್ತದೆ, ಬೇರೆ ಯಾರಿಗೂ ಅದು ಕೇಳಿಸುತ್ತಿಲ್ಲವೋ ಏನೋ, ವಾರಿಜಳಿಗೆ ಕೇಳಿಸುತ್ತಿದೆ, ಗಂಡ ಮಾತಾಡುವಾಗ ಮಾತೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಕೇಳಿಸಿಕೊಳ್ಳುವ ಅಭ್ಯಾಸ ಅವಳಿಗೆ ಮದುವೆಯಾದ ವರ್ಷವೇ ಬಂದದ್ದು — ಮಂಗಲ್ಪಾಡಿಯ ಈ ವಾಚನಾಲಯದ ಫ್ಯಾನು, ಹೊರಗೆ ಉಪ್ಪಳದ ಕಡೆ ಹೋಗುವ ಬಸ್ಸಿನ ಹಾರ್ನು, ಚಾಯದ ಗ್ಲಾಸು ಜೋಡಿಸುವ ಟಿಣ್ ಟಿಣ್, ಮತ್ತು ತಲೆಯ ಮೇಲೆ ಕಟ್ಟಿದ ಬ್ಯಾನರು ಗಾಳಿಗೆ ಪಟಪಟ. ಬ್ಯಾನರಿನಲ್ಲಿ ವನಿತಾ ವೇದಿ ಉದ್ಘಾಟನೆ ಎಂದು ದೊಡ್ಡದಾಗಿ, ಅದರ ಕೆಳಗೆ ಯುರೋಪಿನ ಕಲೆ ಮತ್ತು ಸಂಸ್ಕೃತಿ, ಉಪನ್ಯಾಸ ಶ್ರೀ ಹರಿನಾಥ ಎಂದು, ಅದಕ್ಕೂ ಕೆಳಗೆ, ಜಾಗ ಉಳಿಯಿತೆಂದು ಹಾಕಿದ ಹಾಗೆ, ಮಹಿಳಾ ದೃಷ್ಟಿ, ಶ್ರೀಮತಿ ಹರಿನಾಥ. ಹೆಂಗಸರ ವೇದಿಕೆಯ ಉದ್ಘಾಟನೆಗೆ ಹೆಂಗಸಿನ ಹೆಸರೇ ಇಲ್ಲ, ಚೆನ್ನಾಯಿತು! ವಾಚನಾಲಯದ ಕಾರ್ಯದರ್ಶಿ ಗಣೇಶಪ್ರಸಾದ ಬಾಗಿಲಲ್ಲೇ ಹಿಡಿದು ಹೇಳಿದ್ದ, ವಾರಿಜಕ್ಕ ನೀವು ಹೆಚ್ಚು ಎಂತದೂ ತಲೆಬಿಸಿ ಮಾಡ್ಬೇಡಿ, ನೀವು ಹೋಗಿ ಬಂದ ಜರ್ಮನಿಯ ಅಡಿಗೆ ಹೇಗೆ, ಚಳಿ ಹೇಗೆ, ಹೆಂಗಸರೆಲ್ಲ ಹೇಗೆ ಅಂತ ಐದು ನಿಮಿಷ, ಮತ್ತೆ ಚಾಯ ಉಂಟು. ಕಾರಿನಲ್ಲಿ ಹರಿನಾಥರೂ ಹೇಳಿದ್ದರು, ರಸ್ತೆಯ ಮೇಲಿನ ಕಣ್ಣು ತೆಗೆಯದೆ, ನೋಡು ವಾರಿಜ, ಅಲ್ಲಿ ಮ್ಯೂಸಿಯಂನಲ್ಲಿ ನೋಡಿದ್ದೆಲ್ಲ ಇಲ್ಲಿ ಹೇಳ್ಲಿಕ್ಕಿಲ್ಲ, ಈ ವರ್ಷ ದೈವಸ್ಥಾನದ ಆಡಳಿತ ಮೊಕ್ತೇಸರ ನಾನು, ನಾಳೆ ಜುಮಾದಿ ದೈವದ ನೇಮಕ್ಕೆ ಜನ ಸೇರುವಾಗ ನನಗೆ ಮುಖ ಬೇಕು, ನೀನು ಏನಾದರೂ ಹೇಳಿಬಿಟ್ಟರೆ ನಿನ್ನನ್ನು ಅಂಗಳಕ್ಕೆ ಹತ್ತಿಸಬೇಡಿ ಅಂತಾರೆ, ಆಗ ನಾನು ಬಂದು ಬಿಡಿಸುವವನಲ್ಲ. ಬಿಡಿಸುವುದು ಬೇಡ. ಹಾಗೆಂದುಕೊಂಡೇ ಅವಳು ಕಿಟಕಿಯ ಗಾಜು ಇಳಿಸಿದಳು, ಮೀನು ಮಾರ್ಕೆಟಿನ ವಾಸನೆ ಒಳಗೆ ಬಂತು, ಮೂಗು ಮುಚ್ಚಿಕೊಂಡದ್ದು ಅವರು.

ಈಗ ಅವರು ನೆರಳು ಬೆಳಕಿನ ಬಗ್ಗೆ ಹೇಳುತ್ತಿದ್ದಾರೆ, ಅಲ್ಲಿಯ ಮ್ಯೂಸಿಯಂನ ಚಿತ್ರಗಳಲ್ಲಿ ಬೆಳಕು ಕಿಟಕಿಯಿಂದ ಹೇಗೆ ಬೀಳುತ್ತದೆ ಎಂದು, ಬಿದ್ದದ್ದು ಯಾರ ಮೇಲೆ ಎಂದು ಮಾತ್ರ ಹೇಳುತ್ತಿಲ್ಲ — ಬಿದ್ದದ್ದು ಬತ್ತಲೆ ಮಲಗಿದ ಹೆಂಗಸರ ಮೇಲೆ, ಕೋಣೆ ಕೋಣೆಯಲ್ಲೂ ಮಲಗಿಯೇ ಇದ್ದರು, ಎದ್ದು ಒಂದು ಲೋಟ ನೀರು ಕುಡಿದವರಿಲ್ಲ, ಅವರ ಅಂಗಾಲು ನೋಡಿದ್ದಳು ವಾರಿಜ, ಒಂದು ಬಿರುಕು ಇಲ್ಲ, ನೆಲದ ಮೇಲೆ ಕಾಲಿಟ್ಟದ್ದೇ ಇಲ್ಲವೇನೋ ಎನ್ನುವಂಥ ಅಂಗಾಲು. ಅವಳು ಸೆರಗು ಎಳೆದುಕೊಂಡು ಮುಂದೆ ಹೋದರೆ ಹರಿನಾಥರು ಫೋನು ಎತ್ತಿ ಫೋಟೋ ತೆಗೆದರು, ಕಲೆ ಅದು, ಕಲೆಯ ಕಣ್ಣಿನಿಂದ ನೋಡ್ಬೇಕು. ಮಗಳು ದೀಕ್ಷಿತಾ ಅಲ್ಲಿ ಜರ್ಮನಿಯಲ್ಲಿ ನರ್ಸು, ಅವಳೇ ಕರೆಸಿಕೊಂಡದ್ದು, ಅವಳೇ ಮರುದಿನ ಇನ್ನೊಂದು ಮ್ಯೂಸಿಯಂಗೆ ಕರೆದುಕೊಂಡು ಹೋದದ್ದು, ಅಮ್ಮಾ ಇಲ್ಲಿ ನಮ್ಮ ದೇಶದ್ದೆಲ್ಲ ಉಂಟು. ಒಂದು ಕತ್ತಲೆ ಕೋಣೆ, ನಡುವೆ ಗಾಜಿನ ಪೆಟ್ಟಿಗೆ, ಅದರೊಳಗೆ ಮೇಲಿನಿಂದ ಬೆಳಕು ಬಿದ್ದು ನಿಂತದ್ದು ಜುಮಾದಿಯ ಎದೆ. ಕಂಚಿನ ಎದೆಕಟ್ಟು, ನೇಮದಲ್ಲಿ ದೈವ ಕಟ್ಟಿ ಕುಣಿಯುವ ಗಂಡಸು ತನ್ನ ಎದೆಯ ಮೇಲೆ ಕಟ್ಟಿಕೊಳ್ಳುವಂಥದ್ದು, ಎರಡು ತುಂಬಿದ ಮೊಲೆ, ನಡುವೆ ಹಾರದ ಕೆತ್ತನೆ, ಯಾಕೆಂದರೆ ಜುಮಾದಿಗೆ ಮೀಸೆಯೂ ಉಂಟು ಮೊಲೆಯೂ ಉಂಟು, ಅರ್ಧ ಗಂಡು ಅರ್ಧ ಹೆಣ್ಣು, ತುಳುನಾಡಿನ ಮಕ್ಕಳಿಗೆಲ್ಲ ಗೊತ್ತು. ವಾರಿಜ ಏನು ಮಾಡಿದಳೆಂದು ಅವಳಿಗೇ ಗೊತ್ತಾಗಲಿಲ್ಲ, ಚಪ್ಪಲಿ ಬಿಟ್ಟಿದ್ದಳು, ಬಿಟ್ಟು ಹಿಂದೆ ಹಿಂದೆ ಸರಿದು ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು, ಊರಿನ ನೇಮದಲ್ಲಿ ಹೆಂಗಸರು ನಿಲ್ಲುವಷ್ಟೇ ದೂರದಲ್ಲಿ.

ನಗು. ಇಡೀ ವಾಚನಾಲಯ ನಗುತ್ತಿದೆ, ಹರಿನಾಥರು ಅದನ್ನೇ ಹೇಳಿಬಿಟ್ಟರು, ನಮ್ಮವಳು ಮ್ಯೂಸಿಯಂನ ಒಳಗೆ ಚಪ್ಪಲಿ ಬಿಟ್ಟು ಕೈಮುಗಿದಳು ಮಾರಾಯ್ರೇ, ಗಾರ್ಡು ಓಡಿ ಬಂದಳು, ನನಗೆ ಮರ್ಯಾದೆ ಹೋಯ್ತು. ಯಾವುದರ ಮುಂದೆ ಬಿಟ್ಟಳೆಂದು ಹೇಳಲಿಲ್ಲ, ಜಾಣರು, ಚಪ್ಪಲಿ ಮಾತ್ರ ಇಟ್ಟುಕೊಂಡು ದೈವವನ್ನು ಹಿಂದೆ ಬಿಟ್ಟರು. ಎದುರು ಸಾಲಿನಲ್ಲಿ ಎಲ್ವಿಟಾ ಟೀಚರ್ ಒಬ್ಬರೇ ನಗುತ್ತಿಲ್ಲ, ವನಿತಾ ವೇದಿಯ ಅಧ್ಯಕ್ಷೆ, ವಾರಿಜಳನ್ನೂ ಮಾತಾಡಿಸಲೇಬೇಕೆಂದು ಹಟ ಹಿಡಿದವರು. ಗಾರ್ಡು ಓಡಿ ಬಂದದ್ದಲ್ಲ, ನಡೆದು ಬಂದಳು, ನರೆತ ಕೂದಲಿನ ದಪ್ಪ ಹೆಂಗಸು, ಬಯ್ಯುತ್ತಾಳೆಂದು ವಾರಿಜ ಚಪ್ಪಲಿಗೆ ಬಗ್ಗಿದರೆ ಅವಳು ಅಂಗೈ ಆಡಿಸಿ ಕರೆದಳು, ಬಾ, ಬಾ, ಗಾಜಿನ ಹತ್ತಿರಕ್ಕೆ, ದೀಕ್ಷಿತಾ ಹೇಳಿದಳು, ಅಮ್ಮಾ, ಹತ್ತಿರ ಹೋಗಿ ನೋಡ್ಬಹುದಂತೆ, ಹಿಂದಿನಿಂದಲೂ ನೋಡ್ಬಹುದಂತೆ. ಬಾಗಿಲಲ್ಲೇ ನಿಂತಿದ್ದ ಹರಿನಾಥರು, ಬಾ ವಾರಿಜ, ಊರಲ್ಲಿ ಬೇಕಾದಷ್ಟು ಉಂಟು, ಇದನ್ನು ನೋಡ್ಲಿಕ್ಕೆ ಇಷ್ಟು ದೂರ ಬಂದದ್ದಾ. ಊರಲ್ಲಿ ಉಂಟು, ಎಲ್ಲಿ ಉಂಟು, ದೈವದ ಭಂಡಾರದ ಪೆಟ್ಟಿಗೆಯೊಳಗೆ ರೇಷ್ಮೆ ಪಟ್ಟೆಯಲ್ಲಿ ಸುತ್ತಿ ಉಂಟು, ತೆಗೆಯುವವರು ಗಂಡಸರು, ಹುಣಸೆಹುಳಿ ಹಾಕಿ ತಿಕ್ಕುವವರು ಗಂಡಸರು, ಮನೆಯ ಉಳಿದ ಪಾತ್ರೆಯೆಲ್ಲ ತಿಕ್ಕಲಿಕ್ಕೆ ಹೆಂಗಸರು, ಇದೊಂದಕ್ಕೆ ಮಾತ್ರ ಇವರ ಕೈ! ಅವಳು ಹತ್ತಿರ ಹೋದಳು. ಮೂಗು ಗಾಜಿಗೆ ತಾಗುವಷ್ಟು. ಹಿಂದೆಯೂ ಹೋದಳು, ಮತ್ತೆ ಅಲ್ಲಿ ಕಂಡದ್ದು — ಬೇಡ, ಈಗ ಬೇಡ, ಈಗ ನೆನೆಸಿದರೆ ಕಣ್ಣಲ್ಲಿ ನೀರು ಬರುತ್ತದೆ, ಅಳುವವಳ ಮಾತಿಗೆ ಇಲ್ಲಿ ಯಾರು ಬೆಲೆ ಕೊಡುತ್ತಾರೆ.

ದೀಕ್ಷಿತಾ ಮೊಲೆ ಕುಡಿಯುವ ಮಗು ಆಗ, ಊರಿನಲ್ಲಿ ಬಿಸಿಲು ಏರಿದರೂ ಮುಗಿಯದ ನೇಮ, ಅಂಗಳದ ಹಗ್ಗದಾಚೆ ಮೂಲೆಯಲ್ಲಿ ಹೆಂಗಸರು, ಮಗು ಹಸಿದು ಕಿರುಚಿತು, ವಾರಿಜ ರವಿಕೆಯ ಕೊಕ್ಕೆ ಬಿಚ್ಚಿದಳು, ಅತ್ತೆ ತೊಡೆ ಚಿವುಟಿದರು, ಮುಚ್ಚು, ಮುಚ್ಚು, ದೈವದ ಎದುರು ನಾಚಿಕೆ ಬೇಡವಾ, ಎದ್ದು ಹೋಗು ಹಿಂದಿನ ಕೊಟ್ಟಿಗೆಗೆ. ಹರಿನಾಥರು ಹಗ್ಗದ ಈಚೆ ನಿಂತು ನೋಡಿದರು, ಕಣ್ಣಿನಲ್ಲೇ ಹೇಳಿದರು, ಹೋಗು. ಹೋಗುವಾಗ ತಿರುಗಿ ನೋಡಿದ್ದಳು, ಜುಮಾದಿ ಕುಣಿಯುತ್ತಿತ್ತು, ಎದೆಯ ಮೇಲೆ ಕಂಚಿನ ಮೊಲೆ ಬಿಸಿಲಿಗೆ ಝಗ್ಗೆನ್ನುತ್ತಿತ್ತು, ಅದಕ್ಕೆ ಯಾರೂ ಮುಚ್ಚು ಎನ್ನಲಿಲ್ಲ, ಊರಿಗೆ ಊರೇ ಕೈಮುಗಿದು ನಿಂತಿತ್ತು. ಕೊಟ್ಟಿಗೆಯ ಸೆಗಣಿಯ ವಾಸನೆ, ನೊಣ, ಮಗುವಿನ ಬಾಯಿಯ ಬಿಸಿ, ರವಿಕೆ ಒದ್ದೆ. ಇಷ್ಟು ವರ್ಷ ಅದನ್ನು ನಾಚಿಕೆ ಎಂದೇ ತಿಳಿದಿದ್ದಳು, ಅದು ಸಿಟ್ಟು ಎಂದು ಗೊತ್ತಾದದ್ದು ಆ ಪರದೇಶದ ಗಾಜಿನ ಪೆಟ್ಟಿಗೆಯ ಹಿಂದೆ. ಅವಳಿಗೆ ದೈವದ ಮೇಲೆ ಅಪನಂಬಿಕೆ ಇಲ್ಲ, ಇವತ್ತೂ ದೀಪ ಇಟ್ಟೇ ಬಂದದ್ದು, ಜುಮಾದಿ ಅವಳ ಅಮ್ಮ, ಅಮ್ಮನಿಗೆ ಮಗಳ ಮೇಲೆ ಸಿಟ್ಟಿದ್ದರೆ ಅಮ್ಮನೇ ಕೇಳಲಿ, ನಡುವೆ ಇವರು ಯಾರು, ಮೊಕ್ತೇಸರರು!

ಚಪ್ಪಾಳೆ, ಹರಿನಾಥರು ಕುಳಿತರು, ಕುಳಿತವರು ಕರವಸ್ತ್ರದಿಂದ ಮೀಸೆ ಒರೆಸಿದರು, ಗಣೇಶಪ್ರಸಾದ ಮೈಕಿನಲ್ಲಿ ಈಗ ಶ್ರೀಮತಿ ಹರಿನಾಥರಿಂದ ಒಂದೆರಡು ಮಾತು ಎನ್ನುತ್ತಿದ್ದಾನೆ. ಎದ್ದಳು. ನಾಲ್ಕು ಹೆಜ್ಜೆ ನಡೆದಳು, ಮೈಕು ಹರಿನಾಥರ ಎತ್ತರಕ್ಕೆ ಉಂಟು, ಗಣೇಶಪ್ರಸಾದ ಓಡಿ ಬಂದ, ಬೇಡ, ತಾನೇ ತಿರುಪು ಸಡಿಲಿಸಿ ಇಳಿಸಿದಳು, ಕೀಂಯ್ ಎಂದಿತು. ನನ್ನ ಹೆಸರು ವಾರಿಜ. ತನ್ನ ಧ್ವನಿ ಗೋಡೆಗೆ ಬಡಿದು ಬಂದದ್ದು ಕೇಳಿ ಅವಳಿಗೇ ಧೈರ್ಯ ಬಂತು. ಅಡಿಗೆಯ ವಿಷಯ ನಾನು ಹೇಳುವುದಿಲ್ಲ, ನಾನು ಚಪ್ಪಲಿ ಬಿಟ್ಟದ್ದು ಯಾವುದರ ಎದುರು ಅಂತ ಹೇಳ್ತೇನೆ, ಜುಮಾದಿಯ ಎದೆಕಟ್ಟಿನ ಎದುರು. ಕುರ್ಚಿಗಳು ಕಿರುಗುಟ್ಟಿದವು. ಬೆನ್ನ ಹಿಂದೆ ಹರಿನಾಥರು, ಮೆಲ್ಲಗೆ, ಹಲ್ಲು ಕಚ್ಚಿ, ಸಾಕು ವಾರಿಜ, ಕೂತ್ಕೊ. ತಿರುಗಲಿಲ್ಲ. ಹಾಲಿದ್ದ ಎದೆಯನ್ನು ಮುಚ್ಚು ಅಂತ ನೀವು ನನ್ನನ್ನು ಕೊಟ್ಟಿಗೆಗೆ ಕಳಿಸಿದ್ರಿ, ಕಂಚಿನದ್ದಕ್ಕೆ ಕೈಮುಗಿದ್ರಿ, ನಾನೂ ಮುಗಿದೆ, ಮೊನ್ನೆ ಅದರ ಹಿಂದೆ ಹೋಗಿ ನಿಂತು ಒಳಗೆ ನೋಡಿದೆ, ಒಳಗೆ ಎಂತ ಇತ್ತು ಗೊತ್ತುಂಟಾ — ಈಗ ಅವಳ ಕಿವಿಗೆ ಫ್ಯಾನು ಇಲ್ಲ, ಬಸ್ಸಿಲ್ಲ, ಹರಿನಾಥರಿಲ್ಲ, ಗಾಜು, ಮೇಲಿನಿಂದ ಬೆಳಕು, ಯಾವ ಕಾಲದ್ದೋ ಗಂಡಸರ ಬೆವರು ತಿಂದು ಕಪ್ಪಾದ ಕಂಚು, ಮೊಲೆಗಳ ಒಳಬದಿಯಲ್ಲಿ ಎರಡು ಗುಳಿ, ಖಾಲಿ, ಅಕ್ಕಂದಿರೇ, ಎಂದಳು ಮೈಕಿನಲ್ಲಿ, ಎರಡು ಗುಳಿ, ಖಾಲಿ.