ಸಮುದ್ರ ಕಾಣುವ ಕೋಣೆ

"ಸಮುದ್ರ ಕಾಣೋ ಕೋಣೆ ಎಲ್ಲಿಂದ ತರ್ಲಿ ಸಾರ್?" ವಸತಿಗೃಹದವನು ಫೋನಿನಲ್ಲಿ ನಕ್ಕ. "ಸಮುದ್ರ ಇಲ್ಲಿಂದ ಆರು ಮೈಲಿ. ಹೂಳು ತುಂಬಿ ಹಿಂದಕ್ಕೆ ಹೋಗಿ ನಮ್ಮ ಮುತ್ತಜ್ಜನ ಕಾಲವೇ ಆಯ್ತು."

"ಮತ್ತೆ ಹಡಗುಕಟ್ಟೆ?"

"ಅಲ್ಲೀಗ ಲಾರಿ ನಿಲ್ಲಿಸ್ತಾರೆ. ಕೋಣೆ ಬೇಕಾ, ಬೇಡ್ವಾ?"

ಇತಿಹಾಸದ ಅಧ್ಯಾಪಕ ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ. ಆ ಕಿವಿಗೂ ಅದೇ ಕೇಳಿಸಿತು. ಆ ಹಳೆಯ ಬಂದರು ಪಟ್ಟಣದ ಪಾಠವನ್ನು ಇಪ್ಪತ್ತೆರಡು ವರ್ಷ ಮಾಡಿ ಮಾಡಿ ಕಾಲೇಜಿನಲ್ಲಿ ಅವನಿಗೆ 'ಬಂದರು ಸರ್' ಎಂದೇ ಹೆಸರು ಬಿದ್ದಿತ್ತು. ಆ ಊರಿಗೆ ಮಾತ್ರ ಕಾಲಿಟ್ಟಿರಲಿಲ್ಲ, ಅಷ್ಟೇ. ಈಗ ಮೂರು ದಿನದ ಪ್ರವಾಸಕ್ಕೆ ಗಂಟೆಗಂಟೆಯ ಯೋಜನೆ ಹಾಕಿದ್ದ, ಮುನ್ನೂರು ವರ್ಷದ ಹಿಂದಿನ ನಕ್ಷೆಯನ್ನು ಮುಂದಿಟ್ಟುಕೊಂಡು. ಹೊಸ ನಕ್ಷೆಯೊಂದು ಬೇಕಾದೀತೆಂದು ತಲೆಗೇ ಹೊಳೆದಿರಲಿಲ್ಲ. ಮೊದಲ ಸಂಜೆ ಐದೂವರೆಗೆ ಹೆಂಡತಿಯೊಡನೆ ಹಡಗುಕಟ್ಟೆಯ ಮೆಟ್ಟಿಲಲ್ಲಿ, ನೀರಿಗೆ ಕಾಲು ಇಳಿಬಿಟ್ಟು ಕೂರುವುದು ಎಂದು ಬರೆದಿದ್ದ. ಆಹಾ, ಪಂಡಿತ!

ಹೆಂಡತಿ ಚೀಲದ ಜಿಪ್ಪು ಎಳೆಯುತ್ತಿದ್ದಳು. ಆಸ್ಪತ್ರೆಯ ನರ್ಸು, ಈ ಮೂರು ದಿನಕ್ಕಾಗಿ ಬೇರೆಯವರ ಎಂಟು ಪಾಳಿಯನ್ನು ಮೈಮೇಲೆ ಹಾಕಿಕೊಂಡಿದ್ದಳು.

"ಏನಂತೆ?"

"ಏನಿಲ್ಲ. ಸಮುದ್ರ ಸ್ವಲ್ಪ ದೂರವಂತೆ."

"ಇದೆಯಲ್ಲ, ಸಾಕು."

"ಅದಲ್ಲ, ಪ್ಲಾನೆಲ್ಲಾ ಮತ್ತೆ ಕೂತು ನೋಡ್ಬೇಕು. ಮುಂದಿನ ರಜೆಗೆ ಹೋದ್ರೆ..."

ಅವಳ ಕೈ ನಿಂತಿತು. "ಮದುವೆಯಾದಾಗಿಂದ ಮುಂದಿನ ರಜೆ, ಮುಂದಿನ ರಜೆ. ನನಗೆ ಆ ಊರು ಬೇಡಾ ರೀ. ನಿಮ್ಮ ಜೊತೆ ಎಲ್ಲಾದ್ರೂ ಮೂರು ದಿನ ಇರ್ಬೇಕು. ಈ ಸಲ ನೀವು ಬರದಿದ್ರೂ ನಾನು ಹೋಗ್ತೀನಿ. ಆಮೇಲೆ ಯಾವತ್ತೂ ಕರೆಯಲ್ಲ."

ಗದರಿದ್ದರೆ ವಾದಿಸಬಹುದಿತ್ತು. ಅವನಿಗೆ ಹೆದರಿಕೆಯಾಯಿತು, ಇವಳು ಕೈತಪ್ಪಿ ಹೋಗುತ್ತಾಳೆಂದು. ಅದರ ಬೆನ್ನಿಗೇ ಇನ್ನೊಂದು ಹೆದರಿಕೆ: ತೋರಿಸಲು ಒಂದು ಕಟ್ಟೆಯೂ ಇಲ್ಲದ ಊರಿನಲ್ಲಿ, ಮೂರು ದಿನ, ಇವಳ ಜೊತೆ ಏನು ಮಾತಾಡುವುದು? ನೂರು ಹುಡುಗರ ತಲೆ ಗಂಟೆಗಟ್ಟಲೆ ಕೊರೆಯುವ ಮಹಾಶಯನಿಗೆ ಕಟ್ಟಿಕೊಂಡವಳೆದುರು ಬಾಯೇ ಬರುತ್ತಿರಲಿಲ್ಲ.

"ಬರ್ತೀನಮ್ಮ," ಎಂದ. ನಿಜಕ್ಕೂ ಹೊರಟ.

ಮಧ್ಯಾಹ್ನ ಎರಡಕ್ಕೆ ಬಸ್ಸು. ಅವಳನ್ನು ಕಿಟಕಿಯ ಪಕ್ಕ ಕೂರಿಸಿ, "ನೀರು ತರ್ತೀನಿ," ಎಂದು ಇಳಿದ. ನೀರು ಚೀಲದಲ್ಲೇ ಇತ್ತು. ಅದು ಇಬ್ಬರಿಗೂ ಗೊತ್ತಿತ್ತು.

"ಬೇಗ ಬನ್ನಿ," ಎಂದಷ್ಟೇ ಅಂದಳು.

ಬಾಟಲಿ ಕೊಂಡವನು ಬಾಗಿಲ ಕಡೆ ಹೋಗದೆ ಬಸ್ಸಿನ ಹಿಂಭಾಗಕ್ಕೆ ಬಂದು ನಿಂತ. ಒಂದೇ ನಿಮಿಷ, ಎಂದುಕೊಂಡ. ಒಳಗೆ ಕಂಡಕ್ಟರ್, "ಇನ್ನೂ ಯಾರಾದ್ರೂ ಬರೋರಿದ್ದಾರಾ?" ಎಂದು ಕೂಗಿದ್ದು ಅವನಿಗೂ ಕೇಳಿಸಿತು. ಅವಳ ದನಿಗಾಗಿ ಕಾದ. ಬರಲಿಲ್ಲ.

ಬಸ್ಸು ರಿವರ್ಸ್ ಬರತೊಡಗಿತು.

"ಯಾರ್ರೀ ಅದು? ಹಿಂದೆ ಸರೀರಿ ಸಾರ್!" ಕಂಡಕ್ಟರ್ ಕೆಳಗಿಳಿದು ಸೀಟಿ ಊದಿದ. 'ಬಸ್ಸು ಹತ್ತಿ' ಎನ್ನಲಿಲ್ಲವಲ್ಲ, ಸದ್ಯ, ಎಂದು ಅವನಿಗೆ ನೆಮ್ಮದಿಯಾಯಿತು. ಆ ನೆಮ್ಮದಿಗೆ ನಾಚಿಕೆಯೂ ಆಯಿತು. ಸರಿದ.

"ಇನ್ನೂ ಹಿಂದೆ!"

ಸರಿದ.

ಬಸ್ಸು ತಿರುಗಿದಾಗ ಕಿಟಕಿಯಲ್ಲಿ ಅವಳು ಕಂಡಳು. ಅವನನ್ನು ನೋಡಿದಳು. ಕೈ ಬೀಸಲಿಲ್ಲ. ಮಡಿಲಲ್ಲಿದ್ದ ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು.

ಧೂಳು ಇಳಿಯಿತು. ನಿಲ್ದಾಣದ ಆ ಮೂಲೆಯಲ್ಲಿ ಈಗ ಬಸ್ಸಿಲ್ಲ, ಸೀಟಿಯಿಲ್ಲ, ಸರಿಯಿರಿ ಎನ್ನುವವರಿಲ್ಲ. ಅವನು ಬಾಟಲಿಯನ್ನು ಎದೆಗವಚಿಕೊಂಡು ಇನ್ನೊಂದು ಹೆಜ್ಜೆ ಹಿಂದೆ ಸರಿದ.