ವೀರಣ್ಣನ ಕೊನೆಯ ರೀಲು

"ಏನಾದ್ರೂ ಮಾತಾಡು ತಾತ, ರೆಕಾರ್ಡ್ ಆಗ್ತಾ ಐತೆ," ಎಂದು ಧನ್ಯಶ್ರೀ ತನ್ನ ಫೋನನ್ನು ಚೌಡಪ್ಪನ ಬಾಯಿಯ ಹತ್ತಿರ ಹಿಡಿದಳು.

ಚೌಡಪ್ಪ ಬೆರಳ ತುದಿಯಿಂದ ಫೋನಿನ ಮೇಲೆ ಎರಡು ಸಲ ತಟ್ಟಿದ. ಟಕ್, ಟಕ್. ಮಾತಾಡುವ ಮೊದಲು ಮೈಕನ್ನು ಎರಡು ಸಲ ತಟ್ಟುವುದು ಅವನಿಗೆ ಹರೆಯದಲ್ಲಿ ಅಂಟಿದ ಚಾಳಿ. ಸೋಮವಾರ ಶಿವಮೊಗ್ಗದಲ್ಲಿ ಆಪರೇಷನ್. ಗಂಟಲಲ್ಲಿ ಗಂಟು ಬೆಳೆದಿದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದರು. ಇವತ್ತು ಗುರುವಾರ. ತಾತನ ದನಿಯನ್ನು ಹಿಡಿದಿಟ್ಟುಕೊಳ್ಳಬೇಕೆಂದು ಮೊಮ್ಮಗಳು ಕಾಲೇಜಿಗೆ ಚಕ್ಕರ್ ಹೊಡೆದು ಕುಳಿತಿದ್ದಳು.

"ಬೀರೂರ್ ಕಡೂರ್, ಬೀರೂರ್ ಕಡೂರ್, ಹತ್ತಿ ಹತ್ತಿ," ಎಂದ ಚೌಡಪ್ಪ ಕೊನೆಗೆ. ತರೀಕೆರೆ ಬಸ್ ಸ್ಟಾಂಡಿನಲ್ಲಿ ಏಜೆಂಟನಾಗಿ ಮೂವತ್ತು ವರ್ಷ ಕೂಗಿದ ಮಾತು. ಒಂದು ಕಾಲಕ್ಕೆ ಈ ಕೂಗು ಕೇಳಿದರೆ ಜನ ಹೋಟೆಲಿನಲ್ಲಿ ಅರ್ಧ ಕಾಫಿ ಬಿಟ್ಟು ಓಡಿಬರುತ್ತಿದ್ದರು. ಈಗ ನೆಲದ ಮೇಲೆ ಒಣ ತೆಂಗಿನಗರಿ ಎಳೆದ ಹಾಗೆ ಕೇಳಿಸಿತು.

ಅಡುಗೆಮನೆಯ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಈಶ್ವರಮ್ಮ ತಲೆಯೆತ್ತದೆ ಗಂಡನಿಗೆ ಹೇಳಿದಳು: "ಬಸ್ಸಿನ ಕೂಗು ಯಾರಿಗೆ ಬೇಕು? ಆ ವೀರಣ್ಣ ರೈಲು ಹತ್ತಿದ್ನಲ್ಲ, ಊರು ಮುಟ್ಟಿದ್ನೋ ಇಲ್ವೋ, ಅದನ್ನಾದ್ರೂ ಹೇಳ್ಬಿಟ್ಟು ಆಸ್ಪತ್ರೆಗೆ ಹೋಗಿ. ಐವತ್ತೆಂಟು ವರ್ಷದಿಂದ ಕಾಯ್ತಾ ಇದೀನಿ."

"ವೀರಣ್ಣ ಅಂದ್ರೆ ಯಾರಜ್ಜಿ?"

"ನಿಮ್ಮ ತಾತನ್ನ ಕೇಳು. ಅವನ್ನ ಹೆತ್ತವರು ಅವರೇ."

ಹೆತ್ತಿದ್ದು ಸುಳ್ಳಲ್ಲ. ಆಗ ಅಜ್ಜಂಪುರದಲ್ಲಿ ರೈಲ್ವೆ ಸ್ಟೇಷನ್ನಿನ ಆಚೆ ಬಯಲಲ್ಲಿ ಟೆಂಟ್ ಸಿನಿಮಾ ಇತ್ತು. ಕನ್ನಡ ಸಿನಿಮಾದ ರೀಲಿನ ಡಬ್ಬಿಗಳು ರೈಲಿನಲ್ಲಿ ಬರಬೇಕು. ಬಂದರೆ ಬಂದವು, ಇಲ್ಲದಿದ್ದರೆ ಬೀರೂರಿನಲ್ಲೇ ಬಿದ್ದಿರುತ್ತಿದ್ದವು. ಎತ್ತಿನಗಾಡಿ ಕಟ್ಟಿಕೊಂಡು ಬಂದ ಜನವನ್ನು ವಾಪಸು ಕಳಿಸಲಾಗದೆ ಟೆಂಟಿನ ಯಜಮಾನರು ಯಾವುದೋ ಕಾಲದಲ್ಲಿ ತಂದಿಟ್ಟುಕೊಂಡಿದ್ದ ಅಮೆರಿಕದ ಹಳೇ ಚಿತ್ರಗಳ ಗಂಟು ಬಿಚ್ಚಿಸುತ್ತಿದ್ದರು. ಇಂಗ್ಲಿಷು ಯಾರಿಗೆ ಬರಬೇಕು? ಶಬ್ದ ನಿಲ್ಲಿಸಿ, ಪರದೆಯ ಪಕ್ಕ ಚೌಡಪ್ಪನ ಕೈಗೆ ಮೈಕು ಕೊಡುತ್ತಿದ್ದರು. ಅವನಿಗೂ ಇಂಗ್ಲಿಷು ಬರುತ್ತಿರಲಿಲ್ಲ, ಆದರೆ ಅದು ಅವನಿಗೆ ಒಂದು ತೊಡಕು ಎಂದು ಯಾವತ್ತೂ ಅನ್ನಿಸಿರಲಿಲ್ಲ.

ಆ ಚಿತ್ರಗಳಲ್ಲೆಲ್ಲ ಒಬ್ಬ ಉದ್ದ ಮೂತಿಯ, ಬೇಸರದ ಕಣ್ಣಿನ ಮನುಷ್ಯ ಇರುತ್ತಿದ್ದ. ನಾಯಕನಲ್ಲ, ನಾಯಕನ ಹಿಂದೆ ಕುದುರೆ ಹಿಡಿದು ನಿಲ್ಲುವವನು. ಡಬ್ಬಿಯ ಮೇಲಿನ ಚೀಟಿ ಓದಿ ಯಜಮಾನರು ಅವನ ಹೆಸರು ವರ್ನನ್ ಟೇಟ್ ಎಂದಿದ್ದರು. ಅದು ಊರಿನ ನಾಲಿಗೆಗೆ ಹೊರಳುವುದಿಲ್ಲವೆಂದು ಚೌಡಪ್ಪ ವೀರಣ್ಣ ಎಂದು ಹೆಸರಿಟ್ಟ. ನಾಯಕ ಯಾರು, ನಾಯಕಿ ಯಾರು ಎಂಬುದು ಹಿಂದಾಯಿತು. ಎಲ್ಲ ಚಿತ್ರಗಳೂ ವೀರಣ್ಣನ ಒಂದೇ ಬಾಳಾದವು. ಕುರಿ ಕಾಯುವವನ ಮಗ, ಬರದ ವರ್ಷ ತಾಯಿಯನ್ನು ಬಿಟ್ಟು ಹೊರಟವನು, ಎಲ್ಲಿ ಹೋದರೂ ಊರಿಗೆ ಮರಳಬೇಕೆಂದು ಹಂಬಲಿಸುವವನು. ಈ ತಿಂಗಳು ಕುದುರೆಯೇರಿ ಹೊರಟವನು ಮುಂದಿನ ತಿಂಗಳು ಹಡಗಿನಿಂದ ಇಳಿಯುತ್ತಿದ್ದ. ನಡುವಿನ ದಾರಿಯನ್ನು ಚೌಡಪ್ಪ ಬಾಯಿಂದ ಹಾಕಿಕೊಡುತ್ತಿದ್ದ.

ತೊಂದರೆ ಒಂದೇ. ವೀರಣ್ಣ ಬಹಳ ಸಾಯುತ್ತಿದ್ದ. ಮೊದಲನೇ ಸಲ ಗುಂಡು ತಿಂದು ಸತ್ತಾಗ ಜನ ಕಣ್ಣೊರೆಸಿಕೊಂಡು ಮನೆಗೆ ಹೋದರು. ತಿಂಗಳಾದ ಮೇಲೆ ಅವನು ನಗುನಗುತ್ತ ಹೊಸ ಚಿತ್ರದಲ್ಲಿ ಬಂದಾಗ ದೇವನೂರಿನ ಕಲ್ಲೇಶಪ್ಪ ನೆಲದ ಮೇಲಿಂದ ಎದ್ದು, "ಲೇ ಚೌಡಾ, ಹೋದ ತಿಂಗ್ಳು ಮಣ್ಣು ಮಾಡಿದ್ವಲ್ಲೋ ಇವನ್ನ," ಎಂದು ಕೇಳಿದ್ದ. ಟೆಂಟಿಗೆ ಟೆಂಟೇ ಗಲಾಟೆ. ಅವತ್ತು ಚೌಡಪ್ಪ ಮೈಕನ್ನು ಎರಡು ಸಲ ತಟ್ಟಿ, "ಸತ್ತಿರ್ಲಿಲ್ಲ ಕಣಣ್ಣ, ಮೂರ್ಛೆ ಹೋಗಿದ್ದ ಅಷ್ಟೇ," ಎಂದ. ಅಂದಿನಿಂದ ಅದೇ ಕಟ್ಟಳೆಯಾಯಿತು. ವೀರಣ್ಣನಿಗೆ ಪೆಟ್ಟು ಬೀಳುವ ಹೊತ್ತಿಗೆ ಚೌಡಪ್ಪ ಕೆಮ್ಮಬೇಕು, ಮಿಷಿನ್ ಆಡಿಸುವ ತೀರ್ಥಪ್ಪ ಬೆಳಕಿನ ಮುಂದೆ ರಟ್ಟು ಹಿಡಿಯಬೇಕು. ಪರದೆ ಕತ್ತಲಾಗುತ್ತಿತ್ತು. ಕತ್ತಲಲ್ಲಿ ಚೌಡಪ್ಪನ ದನಿಯೊಂದೇ ತೇಲುತ್ತಿತ್ತು: ಯಾರೋ ಪುಣ್ಯಾತ್ಗಿತ್ತಿ ನೀರು ತಂದ್ಲು, ಹಣೆಗೆ ತಟ್ಟಿದ್ಲು, ಅಗೋ ಕಣ್ಬಿಟ್ಟ.

ಅತ್ತೆಯ ಮನೆಗೆಂದು ಬಂದಿದ್ದ ಹದಿನೇಳರ ಈಶ್ವರಮ್ಮ ಚೌಡಪ್ಪನನ್ನು ನೋಡುವ ಮೊದಲು ಕೇಳಿದ್ದು ಆ ಕತ್ತಲಿನಲ್ಲೇ. ಮುಖ ನೋಡಿ ಒಪ್ಪಿದವಳಲ್ಲ, ದನಿ ಕೇಳಿ ಬಂದವಳು. ಅದನ್ನು ಅವಳು ಮುಚ್ಚಿಟ್ಟೂ ಇರಲಿಲ್ಲ. ಕೊನೆಯ ಚಿತ್ರದಲ್ಲಿ ವೀರಣ್ಣ ಊರಿನ ರೈಲು ಹತ್ತಿದ. ಆಮೇಲಿನ ರೀಲು ಗಂಟಿನಲ್ಲೇ ಇರಲಿಲ್ಲ. ನಾಳೆ ಹೇಳ್ತೀನಿ ಎಂದು ಚೌಡಪ್ಪ ಜನರನ್ನು ಕಳಿಸಿದ. ಮಾರನೆಯ ದಿನದ ಬಿರುಗಾಳಿಗೆ ಟೆಂಟು ಹರಿದುಹೋಯಿತು, ಯಜಮಾನರು ಕಂಬ ಕಿತ್ತುಕೊಂಡು ಹೋದರು, ಆ ನಾಳೆ ಬರಲೇ ಇಲ್ಲ.

ಈಶ್ವರಮ್ಮ ಕಾಯಿ ಎತ್ತಿಕೊಂಡು ಒಳಗೆ ಹೋದ ಮೇಲೆ ಧನ್ಯಶ್ರೀ ತಾತನಿಂದ ವೀರಣ್ಣನ ಇಂಗ್ಲಿಷ್ ಹೆಸರು ಕೇಳಿಕೊಂಡು ಫೋನಿನಲ್ಲಿ ಹುಡುಕಿದಳು. ಸಿಕ್ಕಿಬಿಟ್ಟ. ಟೋಪಿ ಹಾಕಿಕೊಂಡು, ಅದೇ ಬೇಸರದ ಕಣ್ಣು.

"ನಲವತ್ತೊಂದು ಪಿಕ್ಚರ್ ಮಾಡವ್ನೆ ತಾತ. ಅದ್ರಲ್ಲಿ ಇಪ್ಪತ್ತೇಳು ಪಿಕ್ಚರಲ್ಲಿ ಸಾಯ್ತಾನೆ. ಡೈಲಾಗೇ ಕಮ್ಮಿ ಅಂತೆ ಇವನಿಗೆ, ಕೆಲವು ಪಿಕ್ಚರಲ್ಲಿ ಒಂದ್ ಮಾತೂ ಇಲ್ಲ. ಆಮೇಲೆ ಪಾತ್ರ ಸಿಗ್ದೆ ಒಂದು ಬಣ್ಣದಂಗಡೀಲಿ ಕೆಲ್ಸಕ್ಕಿದ್ದ. ಬಾಡಿಗೆ ರೂಮಲ್ಲಿ ಒಬ್ನೇ ಇದ್ದು ಹಾರ್ಟ್ ನಿಂತು ಹೋದ. ಸಾವಿರದ ಒಂಬೈನೂರ ಅರವತ್ತಾರು."

"ಎಷ್ಟರಲ್ಲಿ?"

"ಅರವತ್ತಾರು."

ಚೌಡಪ್ಪ ಗೋಡೆಗೆ ಒರಗಿದ. ಅರವತ್ತಾರರಲ್ಲಿ ಟೆಂಟು ಕಿಕ್ಕಿರಿದು ತುಂಬುತ್ತಿತ್ತು. ಅಲ್ಲಿ ಯಾವುದೋ ಕೋಣೆಯಲ್ಲಿ ಅವನು ಒಂಟಿಯಾಗಿ ಬಿದ್ದಿದ್ದಾಗ, ಇಲ್ಲಿ ಅಜ್ಜಂಪುರದ ಜನ ಅವನು ಕಣ್ಣುಬಿಟ್ಟನೆಂದು ಶಿಳ್ಳೆ ಹೊಡೆಯುತ್ತಿದ್ದರು. ನೆಂಟನೊಬ್ಬ ಸತ್ತ ಸುದ್ದಿ ಇಷ್ಟು ತಡವಾಗಿ ಬಂದರೆ ಸ್ನಾನ ಮಾಡಬೇಕೋ ಬೇಡವೋ ಎಂದು ಚೌಡಪ್ಪ ಯೋಚಿಸಿದ.

"ಇದನ್ನ ನಿಮ್ಮಜ್ಜಿಗೆ ಹೇಳ್ಬ್ಯಾಡ ಕಣವ್ವ," ಎಂದ.

ಅಲ್ಲಿಗೆ ಅವನ ಕಥೆ ನಿಂತುಹೋಯಿತು. ರೈಲಿನಿಂದ ವೀರಣ್ಣನನ್ನು ಇಳಿಸುವುದು ಅವನಿಗೆ ಯಾವ ಮಹಾ ಕೆಲಸ? ಮೊನ್ನೆಯಾದರೆ ಎಲೆಯಡಿಕೆ ಹಾಕಿಕೊಳ್ಳುವಷ್ಟರಲ್ಲಿ ಇಳಿಸಿ, ತಾಯಿಯ ಕೈತುತ್ತೂ ತಿನ್ನಿಸಿಬಿಡುತ್ತಿದ್ದ. ಈಗ ಬಾಯಿ ತೆರೆದರೆ ಆ ಬಾಡಿಗೆ ಕೋಣೆ ಅಡ್ಡ ಬರುತ್ತಿತ್ತು. ಇರುವುದು ನಾಲ್ಕು ದಿನದ ದನಿ. ನಿಜ ಹೇಳಿದರೆ ಈಶ್ವರಮ್ಮ ನಂಬಿ ಬಂದದ್ದನ್ನು ಕೊನೆಯ ಮಾತಿನಲ್ಲಿ ಕೊಂದಂತೆ, ಸುಳ್ಳು ಹೇಳಿದರೆ ಕೊನೆಯ ಮಾತೇ ಸುಳ್ಳು. ಶುಕ್ರವಾರ ಬಂತು, ನಾಳೆ ಹೇಳ್ತೀನಿ ಎಂದ. ಶನಿವಾರ ನೋಡಲು ಬಂದ ನೆಂಟರ ನೆವ ಸಿಕ್ಕಿತು. ಭಾನುವಾರ ಸಂಜೆ ಈಶ್ವರಮ್ಮ ಕೈಕಾಲು ತೊಳೆದು, ಸೆರಗು ಸರಿಮಾಡಿಕೊಂಡು, ಟೆಂಟಿನಲ್ಲಿ ಕೂರುತ್ತಿದ್ದ ಹಾಗೇ ಬಂದು ಅವನೆದುರು ಕೂತಳು. ಚೌಡಪ್ಪ ಮಂಚದ ಅಂಚಿಗೆ ಎರಡು ಸಲ ತಟ್ಟಿದ.

"ವೀರಣ್ಣ ಕಿಟಕಿ ಪಕ್ಕ ಕೂತಿದ್ದ. ರೈಲು..." ಎಂದವನು ಅಲ್ಲೇ ನಿಂತ. ಗಂಟಲ ಗಂಟಿನಿಂದಲ್ಲ. ಅವಳಿಗೆ ಅದು ತಿಳಿಯಿತು.

"ಬಿಡಿ. ಸುಸ್ತಾಗ್ತೈತೆ ನಿಮಗೆ," ಎಂದು ಎದ್ದುಹೋಗಿ ಅವನ ಬಟ್ಟೆಯ ಚೀಲ ಕಟ್ಟತೊಡಗಿದಳು.

ಸೋಮವಾರ ಆಪರೇಷನ್ ಕೋಣೆಯಲ್ಲಿ ಎಚ್ಚರ ತಪ್ಪಿಸಲು ಮೂಗಿಗೆ ಏನೋ ಹಿಡಿದರು. ಚೌಡಪ್ಪ ನೋಡುತ್ತಾನೆ, ಅಜ್ಜಂಪುರ ಸ್ಟೇಷನ್ನಿನಲ್ಲಿ ರೈಲು ನಿಂತಿದೆ. ಹತ್ತಿದರೆ ಬೋಗಿಯಲ್ಲಿ ಒಬ್ಬನೇ ಪ್ರಯಾಣಿಕ, ಟೋಪಿ ಮಡಿಲಲ್ಲಿಟ್ಟುಕೊಂಡು ಕೂತಿದ್ದಾನೆ. ಕಿಟಕಿಯಿಂದ ಬೀಳುವ ಬಿಸಿಲಿನಲ್ಲಿ ಟೆಂಟಿನ ಧೂಳೇ ಆಡುತ್ತಿದೆ. ವೀರಣ್ಣ ಮುಂದಕ್ಕೆ ಬಾಗಿ ಅವನ ಮುಖವನ್ನೇ ನೋಡಿದ. ನನ್ನ ಮಾತು ಏನು, ಹೇಳಿಕೊಡು ಎನ್ನುವ ನೋಟ. ಪಾಪ, ಯಾರೂ ಅವನಿಗೆ ಮಾತು ಬರೆದುಕೊಟ್ಟಿರಲಿಲ್ಲ. ಚೌಡಪ್ಪ ಬಾಯಿ ತೆರೆದ. ಏನೂ ಬರಲಿಲ್ಲ. ರೈಲು ಹೊರಟಿತು, ಹೊಲಗಳು ಹಿಂದಕ್ಕೆ ಸರಿದವು.

ಇಪ್ಪತ್ತು ದಿನದ ಮೇಲೆ ಮನೆಗೆ ಬಂದಾಗ ಅವನ ಕುತ್ತಿಗೆಯಲ್ಲಿ ಉಸಿರಾಡುವ ತೂತು, ಅದರ ಮೇಲೆ ಬಿಳಿ ಬಟ್ಟೆ. ಕೈಗೆ ಧನ್ಯಶ್ರೀ ಒಂದು ಸ್ಲೇಟು ಕೊಟ್ಟಳು. ನೀರು ಬೇಕು, ಸೆಕೆ ಎಂದು ಬರೆದರೆ ಮಗಳು ಹೇಮಶ್ರೀ ಓದುತ್ತಿದ್ದಳು, ಮೊಮ್ಮಗಳು ಓದುತ್ತಿದ್ದಳು. ಈಶ್ವರಮ್ಮನಿಗೆ ಓದು ಬರದು. ಜೊತೆಯಲ್ಲಿ ಬಾಳಿದ ಇಷ್ಟು ವರ್ಷಗಳಲ್ಲಿ ಅದು ಇಬ್ಬರಿಗೂ ಕೊರತೆಯೆಂದು ತೋರಿರಲೇ ಇಲ್ಲ. ಈಗ ಅವಳು ಸ್ಲೇಟಿನ ಗೆರೆಗಳನ್ನೇ ನೋಡುತ್ತಿದ್ದಳು, ಅವನು ಅವಳತ್ತ ನೋಡಿ ಬರೆದದ್ದನ್ನು ಅಳಿಸುತ್ತಿದ್ದ.

ಒಂದು ಮಧ್ಯಾಹ್ನ ಧನ್ಯಶ್ರೀ ಕುಣಿಯುತ್ತ ಬಂದಳು. "ತಾತ, ಆ ರೈಲಿನ ಪಿಕ್ಚರ್ ಸಿಕ್ತು. ಪೂರ್ತಿ ಐತೆ, ಕೊನೇವರ್ಗೂ."

ಬೇಡವೆಂದು ಕೈಯಾಡಿಸುವಷ್ಟರಲ್ಲಿ ಈಶ್ವರಮ್ಮ ಬಂದು ಕೂತಾಗಿತ್ತು. ಫೋನನ್ನು ನೀರಿನ ಚೊಂಬಿಗೆ ಒರಗಿಸಿಟ್ಟರು. ಧನ್ಯಶ್ರೀ ಶಬ್ದ ಕಡಿಮೆ ಮಾಡಿದಳು. ಅಂಗೈಯಗಲದ ಬೆಳಕಿನಲ್ಲಿ ವೀರಣ್ಣ ಮತ್ತೆ ಓಡಿಬಂದು ರೈಲು ಹತ್ತಿದ. ಕಿಟಕಿಯ ಪಕ್ಕ ಕೂತ. ಎದುರಿನ ಸೀಟಿನಲ್ಲಿದ್ದವನು ಪೇಪರು ಮಡಿಸಿದ, ಕೋಟಿನೊಳಗೆ ಕೈ ಹಾಕಿದ. ಚೌಡಪ್ಪನಿಗೆ ಎಲ್ಲ ತಿಳಿದುಹೋಯಿತು. ಕೆಮ್ಮಲು ನೋಡಿದ, ಕುತ್ತಿಗೆಯ ತೂತಿನಿಂದ ಬರೀ ಗಾಳಿ ಹೊರಟಿತು. ಅವನು ಥಟ್ಟನೆ ಬಾಗಿ ಫೋನಿನ ಮುಂದೆ ಅಂಗೈ ಅಡ್ಡ ಹಿಡಿದ.

ಈಶ್ವರಮ್ಮ ಆ ಕೈಯನ್ನು ಮೆಲ್ಲಗೆ ಹಿಡಿದು ತನ್ನ ಮಡಿಲಿಗೆ ಎಳೆದುಕೊಂಡಳು.

"ಹೆಂಗಸ್ರ ಬೆಂಚು ಮಿಷಿನ್ ಪಕ್ಕದಲ್ಲೇ ಇತ್ತು ಕಣ್ರೀ," ಎಂದಳು. "ನೀವು ಕೆಮ್ಮೋದು, ತೀರ್ಥಪ್ಪ ರಟ್ಟು ಹಿಡಿಯೋದು, ನಂಗೆ ಕಾಣ್ತಿರ್ಲಿಲ್ವಾ?"

ಚೌಡಪ್ಪ ಅವಳ ಮುಖ ನೋಡಿದ. ಕಣ್ಣಲ್ಲಿ ನೀರು ತುಂಬಿತು. ನಾಚಿಕೆಯಾಯಿತು, ಜೊತೆಗೆ ಹೇಳಲಾಗದಷ್ಟು ಹಗುರವೂ ಆಯಿತು. ಫೋನಿನಲ್ಲಿ ವೀರಣ್ಣ ಎದೆ ಹಿಡಿದುಕೊಂಡು ಕಿಟಕಿಗೆ ತಲೆಯಿಟ್ಟ. ಕಣ್ಣು ಮುಚ್ಚಿತು. ಹೊರಗೆ ಯಾವುದೋ ದೇಶದ ಹೊಲಗಳು ಓಡುತ್ತಿದ್ದವು.

"ಸತ್ತೋದ," ಎಂದಳು ಧನ್ಯಶ್ರೀ.

"ಸತ್ತಿಲ್ಲ ಕಣೇ, ಮೂರ್ಛೆ ಹೋಗವ್ನೆ ಅಷ್ಟೇ," ಎಂದಳು ಈಶ್ವರಮ್ಮ. ಆ ಏರು, ಆ ಇಳಿತ, ಮಾತಿನ ನಡುವಿನ ಆ ನಿಲುಗಡೆ ಎಲ್ಲ ಚೌಡಪ್ಪನದೇ. "ಅಗೋ ನೋಡು, ಪುಣ್ಯಾತ್ಗಿತ್ತಿ ಒಬ್ಳು ನೀರು ತಂದ್ಲು. ಹಣೆಗೆ ತಟ್ಟಿದ್ಲು. ಊರು ಹತ್ರ ಬಂತು ಅಂತವ್ಳೆ, ಇವ್ನಿಗೆ ಕೇಳಿಸ್ತೈತೆ, ಕಣ್ಣು ಮಾತ್ರ ಬಿಡಕಾಗ್ತಿಲ್ಲ."

ಚಿತ್ರ ಮುಗಿದು ಇಂಗ್ಲಿಷ್ ಅಕ್ಷರಗಳು ಮೇಲಕ್ಕೆ ಹೋದವು. ಆಮೇಲೆ ಫೋನೂ ಕಪ್ಪಾಯಿತು.

"ಆಮೇಲೆ ಅಜ್ಜಿ? ಊರು ಮುಟ್ಟಿದ್ನಾ?"

ಈಶ್ವರಮ್ಮ ಗಂಡನ ಕಡೆ ತಿರುಗಿದಳು. ಸ್ಟೇಷನ್ನಿನ ಕಡೆಯಿಂದ ಗೂಡ್ಸ್ ರೈಲೊಂದು ಹೊರಟ ಸದ್ದು ಮನೆಯೊಳಗೆ ಬಂದು, ಚೊಂಬಿನ ನೀರು ಸಣ್ಣಗೆ ನಡುಗಿತು. ಚೌಡಪ್ಪ ಅವಳ ಮಡಿಲಲ್ಲಿದ್ದ ಕೈಯನ್ನು ಬಿಡಿಸಿಕೊಂಡು, ಚೊಂಬಿನ ಕಂಠಕ್ಕೆ ಬೆರಳ ತುದಿಯಿಂದ ಎರಡು ಸಲ ತಟ್ಟಿದ.